ಸ್ಪೈನಾ ಬೈಫಿಡಾ ಇರುವ 14ರ ನನ್ನ ತಮ್ಮ ಚೆನ್ನಾಗಿ ಮಾತಾಡ್ತಾನೆ, ಓದಲು ಕೂತರೆ ಗಮನವೇ ಇರಲ್ಲ. ಇದು ಸೋಮಾರಿತನವಾ?

ಅಲ್ಲ. ದಯವಿಟ್ಟು ಅವನಿಗೆ ಬೈಯುವುದನ್ನು ಇವತ್ತೇ ನಿಲ್ಲಿಸಿ. ನಾನು ಗಂಗಾವತಿಯವಳು, ನನ್ನ ಮಗಳಿಗೂ ಇದೇ ತೊಂದರೆ, ಈಗ ಒಂಬತ್ತನೇ ತರಗತಿ. ಎರಡು ವರ್ಷ ನಾನೂ ಅವಳನ್ನು ಮೈಗಳ್ಳಿ ಅಂತ ಬೈದಿದ್ದೇನೆ. ನೆನೆಸಿಕೊಂಡರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಸ್ಪೈನಾ ಬೈಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿರದ ತೊಂದರೆ, ಬರೀ ಬೆನ್ನುಹುರಿಯ, ಕಾಲಿನ ಸಮಸ್ಯೆ ಅಂತ ನಾವು ತಿಳಿದಿರುತ್ತೇವೆ. ಆದರೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಬೇಕಾದ ನರನಾಳ (ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ಮುಚ್ಚದೇ ಉಳಿದರೆ ಮಿದುಳಿನ ಬೆಳವಣಿಗೆಯೂ ಏರುಪೇರಾಗುತ್ತದೆ. ಬೆನ್ನ ಮೇಲೆ ನರಗಳ ಚೀಲದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಹಿಂಮಿದುಳು ಕುತ್ತಿಗೆಯತ್ತ ಜಾರಿರುತ್ತದೆ. ಹೆಚ್ಚಿನವರಿಗೆ ತಲೆಯಲ್ಲಿ ನೀರು ತುಂಬಿ, ಅದನ್ನು ಹೊರಗೆ ಹರಿಸಲು ಶಂಟ್ ಅನ್ನುವ ಸಣ್ಣ ಕೊಳವೆ ಹಾಕಬೇಕಾಗುತ್ತದೆ. ಎಡ ಬಲ ಮಿದುಳನ್ನು ಜೋಡಿಸುವ ನರಗಳ ಪಟ್ಟಿಯೂ ಹಲವರಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಅದಕ್ಕೇ ಗಮನವನ್ನು ಒಂದರಿಂದ ಬಿಡಿಸಿ ಇನ್ನೊಂದಕ್ಕೆ ತರುವುದು, ಕೆಲಸವನ್ನು ತಾವಾಗಿ ಶುರು ಮಾಡುವುದು ಇವರಿಗೆ ಕಷ್ಟ. ಹಿಡಿದ ಮೇಲೆ ಕೂತು ಮಾಡುತ್ತಾರೆ. ಗಮನ ನಿಲ್ಲದ ತೊಂದರೆ (ಎಡಿಎಚ್‌ಡಿ) ಅಂದರೆ ಕ್ಲಾಸಿನಲ್ಲಿ ಓಡಾಡುವ ಮಗು ಅಂದುಕೊಂಡವರಿಗೆ, ಸುಮ್ಮನೆ ಕೂರುವ ಈ ಮಕ್ಕಳ ಕಷ್ಟ ಕಾಣಿಸುವುದೇ ಇಲ್ಲ.

"ಮಾತ್ರಿ ನುಂಗು, ಬ್ಯಾಗ್ ತುಂಬು, ಆಮ್ಯಾಲೆ ಲೆಕ್ಕ ಮಾಡು" ಅಂದರೆ ನನ್ನ ಮಗಳು ಮಾತ್ರೆ ನುಂಗಿ ಲೋಟ ಹಿಡಿದುಕೊಂಡೇ ಕೂತಿರುತ್ತಿದ್ದಳು. ಒಂದು ದಿನ ಅಳುತ್ತಾ ಕೇಳಿದಳು, "ಯವ್ವಾ, ಮಾತ್ರಿ ಆದಮ್ಯಾಲೆ ಏನ್ ಹೇಳಿದಿ?" ಅವತ್ತಿನಿಂದ ಒಂದು ಸಲಕ್ಕೆ ಒಂದೇ ಮಾತು. ಸೀರೆ ಬಾಕ್ಸಿನ ರಟ್ಟಿನಲ್ಲಿ ಒಂದೇ ಲೆಕ್ಕ ಕಾಣುವಷ್ಟು ಕಿಟಕಿ ಕತ್ತರಿಸಿ ಪುಸ್ತಕದ ಮೇಲಿಟ್ಟೆ. ಮೊದಲ ಸಂಜೆಯೇ ನಾಲ್ಕು ಲೆಕ್ಕ ಮುಗಿಸಿದಳು. ಮೂತ್ರ ತೆಗೆಯಲು ಕ್ಯಾಥೆಟರ್ (ತೆಳು ಕೊಳವೆ) ಹಾಕಿಕೊಳ್ಳುವ ಹೊತ್ತೂ ಮರೆಯುತ್ತಿದ್ದಳು, ಅದಕ್ಕೆ ನಾಲ್ಕು ತಾಸಿಗೊಮ್ಮೆ ಮೊಬೈಲ್ ಅಲಾರಂ ಇಟ್ಟಿದ್ದೇವೆ.

ನಿಮ್ಮ ತಮ್ಮನಿಗೆ ಶಂಟ್ ಇದ್ದರೆ ಇದೊಂದನ್ನು ಮಾತ್ರ ಮರೆಯಬೇಡಿ. ಇದ್ದಕ್ಕಿದ್ದಂತೆ ಮಂಕಾದರೆ, ತಲೆನೋವು, ವಾಂತಿ, ವಿಪರೀತ ನಿದ್ದೆ ಶುರುವಾದರೆ ಓದಿನ ಮಾತು ಬಿಡಿ. ಶಂಟ್ ಕಟ್ಟಿಕೊಂಡಿರಬಹುದು, ಅದೇ ದಿನ ನ್ಯೂರೋಸರ್ಜನ್‌ಗೆ ತೋರಿಸಿ. ಬೇರೆ ಲಕ್ಷಣವಿಲ್ಲದೆ ಕೆಲವೇ ವಾರಗಳಲ್ಲಿ ಓದು ಕುಸಿದರೂ ತೋರಿಸಲೇಬೇಕು.

ಗಮನ, ನೆನಪಿನ ಪರೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಕನಿಷ್ಠ ಶೇ 40ರಷ್ಟು ಅಂಗವಿಕಲತೆಯ ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ, ಹೆಡ್‌ಮಾಸ್ಟರ್ ಹತ್ತಿರ ಈಗಲೇ ಮಾತಾಡಿ.