ಆ ಪುಟ ಮೊದಲು ತಮ್ಮನಿಗೆ ಸೇರಿದ್ದು

ಈ ವಾರದ ಪತ್ರ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಏಳು ಪುಟದ ಪತ್ರ, ಮುಖ್ಯವಾದಷ್ಟನ್ನು ಇಲ್ಲಿ ಕೊಡುತ್ತಿದ್ದೇನೆ.

"ನನಗೀಗ 63. ಊರು ಕುಂದಾಪುರದ ಹತ್ತಿರ ಒಂದು ಹಳ್ಳಿ. 1975ರಲ್ಲಿ, 13ನೇ ವಯಸ್ಸಿಗೆ ಮುಂಬಯಿಗೆ ಬಂದೆ. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಮೂರು ವರ್ಷದ ಮೇಲೆ ತಮ್ಮನೂ ಬಂದ, ಅವನಿಗೆ 11. ಮುಂಬಯಿಯದೇ ಲಾಲ್‌ಬಾಗ್‌ನ ಒಂದು ಹೋಟೆಲಿಗೆ ಸೇರಿಸಿದೆ. ಮೊದಲು ನಾನು ಮೆಟ್ರಿಕ್ ಮುಗಿಸುವುದು, ಆಮೇಲೆ ಅವನು ರಾತ್ರಿ ಶಾಲೆಗೆ ಸೇರುವುದು, ಅಲ್ಲಿಯವರೆಗೆ ಅವನ ಸಂಬಳ ಊರಿಗೆ ಹೋಗುವುದು ಅಂತ ಮಾತಾಗಿತ್ತು. 1980ರಲ್ಲಿ ಪಾಸಾದೆ. ಡಿಗ್ರಿಯೂ ಆಗಿಬಿಡಲಿ ಅನ್ನಿಸಿತು. 1982ರಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಬಂತು, ತಮ್ಮನ ಹೋಟೆಲ್ ಮುಚ್ಚಿತು, ಅವನು ಅಲ್ಲಿನ ಅಡುಗೆ ಭಟ್ಟರ ಜೊತೆ ಪುಣೆಗೆ ಹೋದ. 1985ರಲ್ಲಿ ನನಗೆ ಬ್ಯಾಂಕ್ ನೌಕರಿ ಸಿಕ್ಕಿತು. ಮರುವರ್ಷ ಅವನು ಇನ್‌ಲ್ಯಾಂಡ್ ಪತ್ರ ಬರೆದ. ಈ ಸಲ ರಾತ್ರಿ ಶಾಲೆಗೆ ಸೇರಲಾ ಅಣ್ಣಯ್ಯ ಎಂದು ಕೇಳಿದ್ದ. ತಂಗಿಯ ಮದುವೆ ಇದೆ, ಬರುವ ವರ್ಷ ನೋಡುವ ಎಂದು ಬರೆದೆ. ಅವನು ಮತ್ತೆ ಕೇಳಲಿಲ್ಲ.

ಈಗ ಅವನು ಪುಣೆಯ ಸದಾಶಿವ ಪೇಠೆಯಲ್ಲಿ ಮೆಸ್ ನಡೆಸುತ್ತಾನೆ. ನಾವು ಚೆನ್ನಾಗಿಯೇ ಇದ್ದೇವೆ, ಹಬ್ಬಕ್ಕೆ ಬಂದು ಹೋಗುತ್ತೇವೆ. ಬೆಂಗಳೂರಿನಲ್ಲಿರುವ ಮಗಳು ನನಗೊಂದು ನೋಟ್‌ಬುಕ್ ಕೊಟ್ಟಿದ್ದಾಳೆ. ಪ್ರತಿ ಪುಟದ ಮೇಲೆ ಒಂದು ಪ್ರಶ್ನೆ ಬರೆದಿದ್ದಾಳೆ, ಅಪ್ಪ ತನ್ನ ಬದುಕಿನ ಪಾಠಗಳನ್ನು ಮೊಮ್ಮಕ್ಕಳಿಗೆ ಬರೆದಿಡಬೇಕಂತೆ. 30 ಪುಟ ಖುಷಿಯಿಂದ ತುಂಬಿಸಿದೆ. 31ನೇ ಪ್ರಶ್ನೆ, 'ನೀವು ಯಾರಿಗಾದರೂ ಅನ್ಯಾಯ ಮಾಡಿದ್ದೀರಾ? ಅದರಿಂದ ಏನು ಕಲಿತಿರಿ?' ಅಲ್ಲಿ ನಿಂತು ಎರಡು ತಿಂಗಳಾಯಿತು. ಅಪ್ಪ ಯಾರ ಸಹಾಯವೂ ಇಲ್ಲದೆ ಮೇಲೆ ಬಂದವರು ಅಂತ ಮಕ್ಕಳು ಎಲ್ಲರ ಮುಂದೆ ಹೇಳುತ್ತಾರೆ. ಹೆಂಡತಿ, ಹಳೆಯದನ್ನು ಯಾಕೆ ಕೆದಕುತ್ತೀರಿ, ಆ ಪುಟ ಬಿಟ್ಟುಬಿಡಿ ಅನ್ನುತ್ತಾಳೆ. ಬರೆಯಲಾ, ಬಿಡಲಾ?"

ಅಣ್ಣಾ, ನಮಸ್ಕಾರ.

ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಬರೆಯಲಾ, ಬಿಡಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಿಮ್ಮ ಮಗಳು ಕೇಳಿದ ಆ ಒಂದು ಪ್ರಶ್ನೆಗೆ ಉತ್ತರ ಮೊದಲು ಸಿಗಬೇಕಾದದ್ದು ನಿಮ್ಮ ತಮ್ಮನಿಗೆ. ಅವನಿಗೆ ಹೇಳದೆ ಮಗಳ ನೋಟ್‌ಬುಕ್‌ನಲ್ಲಿ ಬರೆದರೆ, ಅವನ ಬದುಕಿನ ದೊಡ್ಡ ವಿಷಯವೊಂದು ಅವನಿಗಿಂತ ಮೊದಲು ನಿಮ್ಮ ಮೊಮ್ಮಕ್ಕಳಿಗೆ ಗೊತ್ತಾಗುತ್ತದೆ. ನಾಳೆ ಯಾವುದೋ ಮದುವೆ ಮನೆಯಲ್ಲಿ ಮಗಳು ಹೋಗಿ, ಚಿಕ್ಕಪ್ಪಾ, ಅಪ್ಪ ನಿಮ್ಮ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ ಎಂದರೆ ಅವನು ಅಲ್ಲಿ ಹೇಗೆ ನಿಲ್ಲಬೇಕು?

ಇದನ್ನು ಹೇಳುವ ಮುಂಚೆ ಪತ್ರದ ಬಗ್ಗೆಯೇ ಒಂದು ಮಾತಿದೆ. ನೀವು ಬ್ಯಾಂಕಿನಲ್ಲಿ ಇದ್ದವರು, ಲೆಕ್ಕ ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ. ಮೂಲ ಪತ್ರದಲ್ಲಿ ಗಿರಣಿ ಮುಷ್ಕರಕ್ಕೆ ಎರಡು ಪುಟ ಹೋಗಿದೆ. ಇನ್‌ಲ್ಯಾಂಡ್ ಪತ್ರಕ್ಕೆ ಮೂರೇ ಸಾಲು. ಮುಷ್ಕರ ಸಣ್ಣದೇನಲ್ಲ, ನನಗೆ ಗೊತ್ತು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಜೊತೆ ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಗಿರಣಿಯ ಭೋಂಗಾ, ಅಂದರೆ ಸೈರನ್, ನಿಂತ ಮೇಲೆ ಲಾಲ್‌ಬಾಗ್, ಪರೇಲ್ ಕಡೆ ತಿಂಗಳ ಖಾತೆಯಲ್ಲಿ ಊಟ ಹಾಕುತ್ತಿದ್ದ ಖಾನಾವಳಿಗಳು, ಚಹಾದ ಹೋಟೆಲುಗಳು ಏನು ಮಾಡಬೇಕು? ಬಾಕಿ ವಸೂಲಾಗಲಿಲ್ಲ, ಗಿರಾಕಿಗಳು ಊರಿಗೆ ಹೊರಟುಹೋದರು. ನಿಮ್ಮ ತಮ್ಮ ಆಗ 15ರ ಹುಡುಗ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

11 ವರ್ಷದ ಮಗುವನ್ನು ಹೋಟೆಲಿಗೆ ಸೇರಿಸಿದ್ದೂ ಅಷ್ಟೇ. ಈಗ 14ರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳುವುದು ಅಪರಾಧ, ಆ ನಿಷೇಧ ಬಂದದ್ದೇ 2006ರ ಅಕ್ಟೋಬರ್‌ನಲ್ಲಿ. ಆಗ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಹುಡುಗ ಐದನೇ ಕ್ಲಾಸು ಮುಗಿಸುವುದನ್ನೇ ಕಾಯುತ್ತಿದ್ದರು, ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಸಹ 13ಕ್ಕೆ ಬಂದ ಮಗುವೇ. ಆ ಮಗುವಿನ ಮೇಲೆ ಈ ಭಾರ ಹೊರಿಸಬೇಡಿ.

ಆದರೆ ಆ ಮೂರು ಸಾಲು ನಿಮ್ಮದು. 1986ರಲ್ಲಿ ನಿಮಗೆ 24, ಕೈಯಲ್ಲಿ ಪಕ್ಕಾ ನೌಕರಿ. ತಂಗಿಯ ಮದುವೆ ನಿಜ, ಸಾಲ ನಿಜ. 1987ರಲ್ಲಿ ಮದುವೆ ಇರಲಿಲ್ಲ, ಅಲ್ವಾ? ಅವನು ಮತ್ತೆ ಕೇಳಲಿಲ್ಲ ಎಂದು ಬರೆದಿದ್ದೀರಿ. ನೀವು ಕೇಳಿದಿರಾ? ಇದನ್ನು ಚುಚ್ಚುವುದಕ್ಕೆ ಹೇಳುತ್ತಿಲ್ಲ ಅಣ್ಣಾ. ಎರಡು ತಿಂಗಳಿಂದ ನಿಮ್ಮನ್ನು ತಡೆದು ನಿಲ್ಲಿಸಿರುವುದು ಮುಷ್ಕರ ಅಲ್ಲ, ಇದು. ನಿಮಗೂ ಗೊತ್ತಿದೆ, ಅದಕ್ಕೇ ನನಗೆ ಬರೆದಿರಿ. ಕಾಲ ಮಾಡಿದ್ದು ಎಷ್ಟು, ಮನೆಯ ಕಷ್ಟ ಮಾಡಿದ್ದು ಎಷ್ಟು, ನಾನು ಮಾಡಿದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ನೋಡಿದರೆ ನಿಮ್ಮ ಪಾಲಿಗೆ ಉಳಿಯುವುದು ನೀವು ಹೆದರಿದಷ್ಟು ದೊಡ್ಡದಿರುವುದಿಲ್ಲ. ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದೂ ಇರುವುದಿಲ್ಲ.

ಹಾಗಾದರೆ ತಮ್ಮನ ಹತ್ತಿರ ಹೋಗಿ ಏನು ಹೇಳಬೇಕು? ಇಲ್ಲಿ ತುಂಬ ಜನ ಎಡವುತ್ತಾರೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನನ್ನ ಸೋದರಮಾವ ಘಾಟ್‌ಕೋಪರ್‌ನಲ್ಲಿ 40 ವರ್ಷ ಹೋಟೆಲ್ ಕೆಲಸ ಮಾಡಿದವರು. ಒಮ್ಮೆ ನಾನು ದೊಡ್ಡದಾಗಿ, ಮಾವ, ಜೀವನ ನಿಮಗೆ ಏನು ಕಲಿಸಿತು ಎಂದು ಕೇಳಿದ್ದೆ. "ಎಂತದೂ ಇಲ್ಲ ಮಾರಾಯ್ತಿ" ಎಂದು ಪೇಪರ್ ತೆಗೆದುಕೊಂಡರು. ಇನ್ನೊಂದು ಸಲ, ಬೇರೇನೋ ಮಾತಿನ ನಡುವೆ, ಮೊದಲನೇ ಹೋಟೆಲಿನಲ್ಲಿ ಎಲ್ಲಿ ಮಲಗುತ್ತಿದ್ದಿರಿ ಎಂದು ಕೇಳಿದೆ. ಎರಡು ಗಂಟೆ ಮಾತಾಡಿದರು. ರಾತ್ರಿ ಎರಡು ಟೇಬಲ್ ಜೋಡಿಸಿ ಮಲಗುತ್ತಿದ್ದದ್ದು, ಮಳೆಗಾಲದಲ್ಲಿ ಚಾದರ ಒಣಗದೆ ಗೋಣಿಚೀಲ ಹೊದ್ದದ್ದು, ಪಕ್ಕದ ಹುಡುಗ ರಾತ್ರಿ ಅಮ್ಮಾ ಎಂದು ಕನವರಿಸಿದರೆ ಯಾರೂ ಬೆಳಿಗ್ಗೆ ಅವನನ್ನು ತಮಾಷೆ ಮಾಡದೆ ಇದ್ದದ್ದು. ಅವರು ಏನು ಕಲಿತರು ಎಂದು ನನಗೆ ಆವತ್ತು ಗೊತ್ತಾಯಿತು. ಅವರ ಬಾಯಲ್ಲಿ ಪಾಠ ಅನ್ನುವ ಶಬ್ದವೇ ಬರಲಿಲ್ಲ.

ತಮ್ಮನ ಹತ್ತಿರವೂ ಹಾಗೇ ಸಣ್ಣದರಿಂದ ಶುರು ಮಾಡಿ. ನಾನು ನಿನಗೆ ಅನ್ಯಾಯ ಮಾಡಿದೆನಾ ಎಂದು ಕೇಳಲೇಬೇಡಿ. ಆ ಪ್ರಶ್ನೆಗೆ ನಮ್ಮ ಕಡೆಯ ಯಾವ ತಮ್ಮನೂ ಅಣ್ಣನ ಮುಖ ನೋಡಿ ಹೌದು ಅನ್ನುವುದಿಲ್ಲ. "ಬಿಡು ಅಣ್ಣಯ್ಯ, ಹಳೇದು" ಅನ್ನುತ್ತಾನೆ, ಚಹಾ ತರಿಸುತ್ತಾನೆ, ನೀವು ಹಗುರಾಗಿ ಮನೆಗೆ ಬರುತ್ತೀರಿ, ಅವನು ಎಲ್ಲಿದ್ದನೋ ಅಲ್ಲೇ ಉಳಿಯುತ್ತಾನೆ. ಅದರ ಬದಲು, ಭಟ್ಟರ ಜೊತೆ ಪುಣೆಗೆ ಹೋದ ದಿನ ನಿನ್ನ ಹತ್ತಿರ ಎಷ್ಟು ದುಡ್ಡಿತ್ತು ಎಂದು ಕೇಳಿ. ಅಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದೆ? ನನಗೆ ಆ ಇನ್‌ಲ್ಯಾಂಡ್ ಬರೆಯುವಾಗ ಯಾವ ಶಾಲೆ ನೋಡಿಟ್ಟಿದ್ದೆ? ಇವುಗಳ ಉತ್ತರ ನಿಮಗೆ ಗೊತ್ತಿಲ್ಲ ಅಣ್ಣಾ, ಪತ್ರದಲ್ಲಿ ಎಲ್ಲೂ ಇಲ್ಲ. ಅವನಿಗೆ ಮಾತ್ರ ಗೊತ್ತಿರುವುದನ್ನು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಮಧ್ಯೆ ಬಾಯಿ ಹಾಕಿ ಆಗ ನನಗೂ ಕಷ್ಟ ಇತ್ತು ಅನ್ನಬೇಡಿ. ಅನ್ನಬೇಕು ಅಂತ ತುಂಬ ಅನ್ನಿಸುತ್ತದೆ. ತಡೆದುಕೊಳ್ಳಿ.

ಆಮೇಲೆ, ಅವನು ಹೇಳಿ ಮುಗಿಸಿದ ಮೇಲೆ, ನಿಮ್ಮ ಮಾತು ಎರಡೇ ವಾಕ್ಯ ಇರಲಿ. ನೀನು ಕೇಳಿದ್ದೆ, ಬರುವ ವರ್ಷ ಅಂದೆ, ಆ ವರ್ಷ ನಾನು ತರಲಿಲ್ಲ. ಅದು ನನ್ನ ತಪ್ಪು. ಇಷ್ಟೇ. ಕ್ಷಮಿಸು ಎಂದು ಒತ್ತಾಯ ಮಾಡಬೇಡಿ, ಅದು ಮತ್ತೆ ಅವನಿಂದ ಏನೋ ಕೇಳಿದ ಹಾಗೆ. ಕವರಿನಲ್ಲಿ ದುಡ್ಡು ತೆಗೆದುಕೊಂಡು ಹೋಗಬೇಡಿ. ಈಗಲಾದರೂ ಪರೀಕ್ಷೆಗೆ ಕೂರು ಅನ್ನುವ ಸಲಹೆಯೂ ಬೇಡ. ಅವನಿಗೆ ಮನಸ್ಸಿದ್ದರೆ ಅವನೇ ಹೇಳುತ್ತಾನೆ.

ಅವನು ಸಿಟ್ಟು ಮಾಡಬಹುದು. 40 ವರ್ಷ ಕಾದ ಸಿಟ್ಟು ಹೇಗಿರುತ್ತದೋ ಹಾಗೇ ಬರಲಿ, ಅಣ್ಣನ ಹತ್ತಿರ ಸಿಟ್ಟು ಮಾಡುವುದಕ್ಕೂ ಅವನಿಗೆ ಹಕ್ಕಿದೆ. ಅಥವಾ ನೀವು ಅಂದುಕೊಂಡ ಹಾಗೆ ಅವನು ನೊಂದೇ ಇಲ್ಲದಿರಬಹುದು. ಸದಾಶಿವ ಪೇಠೆ ಅಂದರೆ ಮಹಾರಾಷ್ಟ್ರದ ಸರ್ಕಾರಿ ನೌಕರಿಯ ಪರೀಕ್ಷೆಗೆ (ಎಂಪಿಎಸ್‌ಸಿ) ಓದುವ ಮಕ್ಕಳ ಜಾಗ. ಒಂದೊಂದು ಗಲ್ಲಿಯಲ್ಲೂ ಅಭ್ಯಾಸಿಕೆ ಅನ್ನುವ ಓದುವ ಕೋಣೆ, ಹಳ್ಳಿಗಳಿಂದ ಬಂದು ವರ್ಷಗಟ್ಟಲೆ ಅಲ್ಲೇ ಇದ್ದು ಓದುವ ಹುಡುಗ ಹುಡುಗಿಯರು. ಅವರಿಗೆ ನಿಮ್ಮ ತಮ್ಮ ದಿನಕ್ಕೆರಡು ಹೊತ್ತು ಊಟ ಹಾಕುತ್ತಾನೆ. ಬೇರೆ ಎಲ್ಲೂ ಅಲ್ಲ, ಅಲ್ಲೇ ಮೆಸ್ ಹಾಕಿದ್ದು ಯಾಕೆ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಬರೀ ವ್ಯಾಪಾರದ ಲೆಕ್ಕವೂ ಇರಬಹುದು. ಬೇರೆ ಏನಾದರೂ ಇದ್ದರೆ ಅದು ಅವನ ಬಾಯಿಂದಲೇ ಬರಬೇಕು. ನಿಮ್ಮ ಪತ್ರ ಓದುತ್ತಾ ನನಗೆ ಜಾಸ್ತಿ ತಿಳಿಯಬೇಕು ಅನ್ನಿಸಿದ್ದು ಇದೇ.

ನಿಮ್ಮ ಹೆಂಡತಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಬ್ಬರ ಮನೆ ಈಗ ಚೆನ್ನಾಗಿದೆ, ಅದನ್ನು ಕಾಪಾಡಿಕೊಂಡು ಬಂದವರಲ್ಲಿ ಅವರೂ ಒಬ್ಬರು, ಕೆಡುತ್ತದೆ ಎನ್ನುವ ಹೆದರಿಕೆ ಸಹಜ. ಹೋಗುವ ಮುಂಚೆ ಅವರಿಗೆ ಹೇಳಿಯೇ ಹೋಗಿ. ಆದರೆ ಒಬ್ಬರೇ ಹೋಗಿ. ಅತ್ತಿಗೆ ಮುಂದಿದ್ದರೆ ಅವನು ಏನೂ ಹೇಳುವುದಿಲ್ಲ.

ಇನ್ನು ಮಕ್ಕಳು. ಅಪ್ಪ ಯಾರ ಸಹಾಯವೂ ಇಲ್ಲದೆ ಮೇಲೆ ಬಂದವರು ಎಂದು ಅವರು ಹೇಳುವಾಗ ನಿಮಗೆ ಹಿಂಸೆಯಾಗುತ್ತದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇದನ್ನು ಸರಿಮಾಡಲು 31ನೇ ಪುಟ ಬೇಕಾಗಿಲ್ಲ, ಇವತ್ತು ರಾತ್ರಿಯ ಫೋನಿನಲ್ಲೇ ಆಗುತ್ತದೆ. ನಾನು ಓದುವಾಗ ಊರಿಗೆ ಹೋಗುತ್ತಿದ್ದ ದುಡ್ಡು ಚಿಕ್ಕಪ್ಪನ ಸಂಬಳ ಎಂದು ಹೇಳಿ. ಅದರಲ್ಲಿ ಅವನ ಗುಟ್ಟು ಏನೂ ಇಲ್ಲ, ಅವನಿಗೆ ಸಲ್ಲಬೇಕಾದ ಮಾತು ಅದು. ಇದರಿಂದ ಮಕ್ಕಳ ಕಣ್ಣಲ್ಲಿ ನೀವು ಸಣ್ಣವರಾಗುತ್ತೀರಿ ಎನ್ನುವ ಭಯ ನನಗಿಲ್ಲ. ನಿಮ್ಮ ಮಗಳು 31ನೇ ಪ್ರಶ್ನೆ ಬರೆದವಳು. ಅಪ್ಪನಿಂದ ಹೊಗಳಿಕೆಯ ಮಾತು ಮಾತ್ರ ಬೇಕಾಗಿದ್ದರೆ ಅವಳು ಅದನ್ನು ಕೇಳುತ್ತಲೇ ಇರಲಿಲ್ಲ.

ಭಾನುವಾರ ನೋಡಿಕೊಂಡು ಹೋಗಿ. ಪುಣೆಯ ಮೆಸ್‌ಗಳು ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ ಫೀಸ್ಟ್ ಊಟ ಹಾಕಿ ಸಂಜೆ ಬಂದ್ ಇಡುತ್ತವೆ, ಅವನಿಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಶಿವಾಜಿನಗರದಲ್ಲಿ ಇಳಿದರೆ ಅಲ್ಲಿಂದ ರಿಕ್ಷಾ. ಬೆಳಿಗ್ಗೆಯೇ ತಲುಪುತ್ತೀರಿ, ಮಧ್ಯಾಹ್ನದ ಗಲಾಟೆಯಲ್ಲಿ ಬಡಿಸಲು ನಿಲ್ಲಿ. ಟೇಬಲ್ ಒರೆಸುವುದು ನಿಮಗೂ ಬರುತ್ತದಲ್ಲ. ಆ ಇನ್‌ಲ್ಯಾಂಡ್ ಇನ್ನೂ ಹಳೆಯ ಪಾಸ್‌ಬುಕ್‌ನೊಳಗೆ ಇದೆ ಎಂದಿದ್ದೀರಿ, ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ತೋರಿಸಲೇಬೇಕು ಅಂತಿಲ್ಲ.

ಅಲ್ಲಿಂದ ಹೊರಡುವ ಮುಂಚೆ, ತಮ್ಮನಿಗೆ ನೋಟ್‌ಬುಕ್ ವಿಷಯ ಹೇಳಿ. ಮಗಳು ಹೀಗೊಂದು ಕೇಳಿದ್ದಾಳೆ, ಇದನ್ನು ಬರೆಯಲಾ ಎಂದು ಅವನನ್ನೇ ಕೇಳಿ. ಬರಿ ಅಂದರೆ, ಬರೆದು ಮಗಳಿಗೆ ಕೊಡುವ ಮುಂಚೆ ಅವನಿಗೆ ಓದಿ ಹೇಳಿ. ಬೇಡ ಅಂದರೆ ನಿಮ್ಮ ಪಾಲಿನದನ್ನು ಮಾತ್ರ ಬರೆಯಿರಿ, ಕೊಟ್ಟ ಮಾತೊಂದನ್ನು ನಡೆಸಲಿಲ್ಲ ಎಂದು, ಯಾರಿಗೆ ಅನ್ನುವುದು ಬೇಡ. ಇನ್ನೊಂದು, ನಾನೇ ಬರೆಯುತ್ತೇನೆ ಕೊಡು ಎಂದು ಅವನು ಕೈ ಚಾಚಲೂಬಹುದು. ಅದಕ್ಕೇ ಹೇಳುತ್ತಿದ್ದೇನೆ, ನೋಟ್‌ಬುಕ್ಕೂ ಜೊತೆಗೆ ಇರಲಿ, ಒಂದು ಪೆನ್ನೂ.