ಪಾವಗಡದ ಗುತ್ತಿಗೆ, ಸೂರ್ಯ ರೈತನ ಬಾಕಿ

ಮಧುಗಿರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಡಿ.ಕೆ. ಶಿವಕುಮಾರ್ ಇಂಧನ ಸಚಿವರಾಗಿದ್ದಾಗ ಕರ್ನಾಟಕ ಸೌರ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಾಯಿತು ಎಂದು ಒಬ್ಬರು ಹೊಗಳುತ್ತಾರೆ. ಪಾವಗಡದ ರೈತರ ಭೂಮಿ ಕಂಪನಿಗಳ ಪಾಲಾಯಿತು ಎಂದು ಇನ್ನೊಬ್ಬರು ಬೈಯುತ್ತಾರೆ. ಇದರಲ್ಲಿ ಅವರದೆಷ್ಟು, ಕಾಲದ್ದೆಷ್ಟು? ಈಗ ನಮ್ಮೂರಲ್ಲೂ ಕುಸುಮ್ ಸೌರ ಯೋಜನೆಗೆ ಜಮೀನು ಕೇಳುತ್ತಿದ್ದಾರೆ. ಕೊಡಬಹುದೇ?"

ಸಂಪಾದಕರ ಉತ್ತರ:

ಮೊದಲು ಅವರದಲ್ಲದ್ದನ್ನು ತೆಗೆದಿಡೋಣ. ಶಿವಕುಮಾರ್ 2014ರ ಜನವರಿಯಿಂದ 2018ರ ಮೇವರೆಗೆ ಇಂಧನ ಖಾತೆ ನೋಡಿಕೊಂಡರು. 2018ರ ಮಾರ್ಚ್ ವೇಳೆಗೆ ರಾಜ್ಯದ ನವೀಕರಿಸಬಹುದಾದ ಇಂಧನದ ಸಾಮರ್ಥ್ಯ 12,000 ಮೆಗಾವಾಟ್ ದಾಟಿ ತಮಿಳುನಾಡನ್ನು ಹಿಂದಿಕ್ಕಿತು. ಆದರೆ ಅದೇ ಅವಧಿಯಲ್ಲಿ ಜಗತ್ತಿನಾದ್ಯಂತ ಸೌರ ಫಲಕಗಳ ಬೆಲೆ ಕುಸಿದಿತ್ತು. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿಗೆ 2016ರಲ್ಲಿ ಬಂದ ಬಿಡ್ (ಕಂಪನಿಗಳು ಮುಂದಿಟ್ಟ ಮಾರಾಟ ದರ) ಯೂನಿಟ್ಟಿಗೆ ಸುಮಾರು 4.80 ರೂಪಾಯಿ, 2018ರಲ್ಲಿ 2.91. ಜೊತೆಗೆ, 2018ರ ಮಾರ್ಚ್ 31ರೊಳಗೆ ಶುರುವಾದ ಸೌರ ಘಟಕಗಳಿಗೆ ವಿದ್ಯುತ್ ಸಾಗಣೆ ಶುಲ್ಕದಲ್ಲಿ 10 ವರ್ಷದ ವಿನಾಯಿತಿ ಕೊಟ್ಟದ್ದು ವಿದ್ಯುತ್ ನಿಯಂತ್ರಣ ಆಯೋಗ. ಕೊನೆಯ ವರ್ಷದ ನೂಕುನುಗ್ಗಲಿಗೆ ಆ ಗಡುವೇ ದೊಡ್ಡ ಕಾರಣ.

ಅವರ ಇಲಾಖೆಯ ಲೆಕ್ಕಕ್ಕೆ ನಿಜವಾಗಿ ಸೇರಬೇಕಾದದ್ದು ಪಾವಗಡದಲ್ಲಿ ಭೂಸ್ವಾಧೀನ ಮಾಡದೆ ಗುತ್ತಿಗೆಗೆ ಹೋದದ್ದು. ಇದು ಸಣ್ಣ ಮಾತಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆ. ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ರೈತರಿಂದ ಭೂಮಿ ಪಡೆದು, ರಸ್ತೆ ಮತ್ತು ಉಪಕೇಂದ್ರ ಕಟ್ಟಿ, 50 ಮೆಗಾವಾಟಿನ ಬ್ಲಾಕುಗಳಾಗಿ ಕಂಪನಿಗಳಿಗೆ ಒಳಗುತ್ತಿಗೆ ಕೊಟ್ಟಿತು. ಪಹಣಿ ರೈತನ ಹೆಸರಲ್ಲೇ ಉಳಿಯಿತು. "ಭೂಮಿ ಕಂಪನಿಗಳ ಪಾಲಾಯಿತು" ಎನ್ನುವುದು ಆದ್ದರಿಂದ ತಪ್ಪು.

ಆದರೆ ದರ? ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿಯ ಬಿತ್ತನೆ ಖರ್ಚೂ ಹುಟ್ಟದ ನೆಲದಲ್ಲಿ ಇದು ನಂಬಬಹುದಾದ ಆದಾಯವೇ. ಈಗ ಇನ್ನೊಂದು ಕಡೆಯಿಂದ ನೋಡಿ. ರಸ್ತೆ, ಉಪಕೇಂದ್ರ ಎಲ್ಲ ಸೇರಿ ಒಂದು ಮೆಗಾವಾಟಿಗೆ ಹಿಡಿದಿರುವುದು ಆರೂಕಾಲು ಎಕರೆಗಿಂತ ತುಸು ಹೆಚ್ಚು. ಮೊದಲ ವರ್ಷದ ಗುತ್ತಿಗೆ ಸುಮಾರು 1.33 ಲಕ್ಷ ರೂಪಾಯಿ. ಆ ಒಂದು ಮೆಗಾವಾಟ್ ವರ್ಷಕ್ಕೆ 16 ಲಕ್ಷ ಯೂನಿಟ್ ಕೊಟ್ಟರೂ ಭೂಮಿಯ ಬಾಡಿಗೆ ಯೂನಿಟ್ಟಿಗೆ 8 ಪೈಸೆ ಚಿಲ್ಲರೆ. ಬಾಡಿಗೆ ದುಪ್ಪಟ್ಟು ಮಾಡಿದ್ದರೂ ಯೋಜನೆ ಮುರಿದುಬೀಳುತ್ತಿರಲಿಲ್ಲ. ಎರಡು ವರ್ಷಕ್ಕೆ ಶೇ 5 ಅಂದರೆ 10 ವರ್ಷದ ಕೊನೆಗೆ 26,800. ಬೆಲೆಯೇರಿಕೆಯನ್ನು ಅದು ಹಿಂದಿಕ್ಕುವುದಿಲ್ಲ. ಇದಕ್ಕಿಂತ ನೋವಿನ ಸಂಗತಿ, ಗುತ್ತಿಗೆ ಹಣ ಪಹಣಿದಾರರಿಗೆ ಮಾತ್ರ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಿದ್ದ ದಿನವೇ ಬದುಕು ಹೋಯಿತು, ಪರಿಹಾರದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಶಿವಕುಮಾರ್ ಅವರ ದಾಖಲೆಯಲ್ಲಿ ನಾವು ಕೆಂಪು ಗೆರೆ ಎಳೆಯುವುದು ಇಲ್ಲಿ.

ಎರಡನೆಯದು ಸೂರ್ಯ ರೈತ. 2014ರಲ್ಲಿ ಪ್ರಕಟವಾದ ಈ ಯೋಜನೆ ಪಾವಗಡಕ್ಕಿಂತ ಒಳ್ಳೆಯ ಆಲೋಚನೆ ಎಂದೇ ನಮ್ಮ ಅಭಿಪ್ರಾಯ. ರೈತನ ಪಂಪಿಗೆ ಅಗತ್ಯಕ್ಕಿಂತ ದೊಡ್ಡ ಫಲಕ ಕೊಡುವುದು, ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಕೊಳ್ಳುವುದು, ಆ ಹಣದಲ್ಲಿ ಸಾಲದ ಕಂತು ಕಳೆದು ಉಳಿದದ್ದು ರೈತನಿಗೆ. ಉಚಿತ ವಿದ್ಯುತ್ತಿನ ಸಬ್ಸಿಡಿ ಹೊರೆ ಇಳಿಯುತ್ತದೆ. ಮಾರಿದರೆ ದುಡ್ಡು ಬರುತ್ತದೆ ಎಂದಾಗ ಬೋರ್‌ವೆಲ್ ನೀರನ್ನೂ ಹಿಡಿತದಲ್ಲಿ ಎತ್ತುತ್ತಾರೆ. ಶಿವಕುಮಾರ್ ಅವರದೇ ಕ್ಷೇತ್ರ ಕನಕಪುರದ ಹಾರೋಬೆಲೆಯಲ್ಲಿ ಪ್ರಯೋಗ ನಡೆಯಿತು. ಅಲ್ಲಿಂದಾಚೆಗೆ ಅದು ರಾಜ್ಯವ್ಯಾಪಿಯಾಗಿ ಬೆಳೆಯಲಿಲ್ಲ.

ಕಾರಣ ತಾಂತ್ರಿಕವೂ ಹೌದು, ದರದ್ದೂ ಹೌದು. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಲೈನ್‌ಮನ್ ಸುರಕ್ಷತೆಗಾಗಿ ಅದನ್ನು ಹಾಗೆಯೇ ರೂಪಿಸಿರುತ್ತಾರೆ. ಪಂಪ್‌ಸೆಟ್ ಫೀಡರಿಗೆ (ಪಂಪುಗಳಿಗೆ ಕರೆಂಟ್ ಒಯ್ಯುವ ಲೈನಿಗೆ) ದಿನಕ್ಕೆ ಕೆಲವೇ ಗಂಟೆ ತ್ರೀ ಫೇಸ್ ಕೊಟ್ಟು ಮಿಕ್ಕ ಹೊತ್ತು ತೆಗೆಯುವ ಪದ್ಧತಿಯಲ್ಲಿ, ಉರಿಬಿಸಿಲಿದ್ದರೂ ಫಲಕ ಸುಮ್ಮನೆ ಕೂರುತ್ತದೆ. ಬಿಸಿಲಿರುವಷ್ಟು ಹೊತ್ತೂ ಫೀಡರ್ ಜೀವಂತವಾಗಿರಬೇಕು, ಪ್ರತಿ ಪಂಪಿಗೂ ಮೀಟರ್ ಇರಬೇಕು, ಲೆಕ್ಕ ತಿಂಗಳಾ ತೀರಬೇಕು. ಇತ್ತ ಖರೀದಿ ದರ ನಿಗದಿಯಾದದ್ದು ಫಲಕ ದುಬಾರಿಯಿದ್ದ 2013ರಲ್ಲಿ: ಸಬ್ಸಿಡಿ ಪಡೆದವರಿಗೆ 7.20 ರೂಪಾಯಿ, ಪಡೆಯದವರಿಗೆ 9.56. ಪಾರ್ಕಿನಿಂದ 2.91ಕ್ಕೆ ಸಿಗುವಾಗ ಯಾವ ಎಸ್ಕಾಂ (ವಿದ್ಯುತ್ ವಿತರಣಾ ಕಂಪನಿ) 7.20 ಕೊಟ್ಟು ಕೊಂಡೀತು? ದರವನ್ನು ಕಾಲಕ್ಕೆ ತಕ್ಕಂತೆ ಇಳಿಸಿ ಯೋಜನೆ ಉಳಿಸಿಕೊಳ್ಳುವ ದಾರಿ ಇತ್ತು. ಇಲಾಖೆ ದೊಡ್ಡ ಪಾರ್ಕಿನ ಹಿಂದೆ ಹೋಯಿತು.

ರೈತರೇ 1ರಿಂದ 3 ಮೆಗಾವಾಟ್ ಘಟಕ ಹಾಕುವ ಯೋಜನೆಯ ಗತಿಯೂ ಹೆಚ್ಚುಕಡಿಮೆ ಇದೇ. 8.40 ರೂಪಾಯಿಯ ದರ ನೋಡಿ ಒಪ್ಪಂದವಾಯಿತು. ಭೂ ಪರಿವರ್ತನೆ, ಲೈನ್ ಅನುಮತಿ ತಡವಾಗಿ ಗಡುವು ಮೀರಿತು. ಆಯೋಗ ದರ ಕಡಿತ ಮಾಡಿತು. ವ್ಯಾಜ್ಯಗಳು ಸುಪ್ರೀಂ ಕೋರ್ಟ್‌ವರೆಗೂ ಹೋದವು. ಮೆಗಾವಾಟಿಗೆ ಕೋಟಿಗಟ್ಟಲೆ ಬಂಡವಾಳ ಹೊಂದಿಸುವುದು ಐದೆಕರೆಯ ರೈತನಿಗೆ ಆಗುವ ಮಾತೂ ಅಲ್ಲ.

ಬಿಸಿಲು ಇಳಿದ ಮೇಲೆ ಬೇಕಾಗುವ ಸಂಜೆಯ ವಿದ್ಯುತ್ತಿಗೆ ಆಗ ತಕ್ಕ ವ್ಯವಸ್ಥೆ ಆಗಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಇಳಿದಾಗ, ಇಷ್ಟೆಲ್ಲ ಸೌರ ಸಾಮರ್ಥ್ಯವಿದ್ದೂ, ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 (ತುರ್ತಿನಲ್ಲಿ ಉತ್ಪಾದಕರಿಗೆ ಆದೇಶ ಕೊಡುವ ಅಧಿಕಾರ) ಬಳಸಿ ಖಾಸಗಿ ಉತ್ಪಾದಕರಿಂದ ವಿದ್ಯುತ್ ಪಡೆಯಬೇಕಾಯಿತು.

ಈಗ ನಿಮ್ಮೂರಿನ ಪ್ರಶ್ನೆ. ಕೃಷಿ ಪಂಪುಗಳಿಗೆ ಸೌರ ವಿದ್ಯುತ್ ಕೊಡುವ ಕೇಂದ್ರದ ಕುಸುಮ್ ಯೋಜನೆಯ ಸಿ ವಿಭಾಗ ಒಂದರ್ಥದಲ್ಲಿ ಸೂರ್ಯ ರೈತನ ಬದಲಿ: ಪ್ರತಿ ಪಂಪಿಗೆ ಫಲಕ ಹಾಕುವ ಬದಲು ಉಪಕೇಂದ್ರದ ಹತ್ತಿರ ಒಂದೇ ಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲು ವಿದ್ಯುತ್ ಕೊಡುವುದು. ಖಾಸಗಿ ಜಮೀನಿಗೆ ಎಕರೆಗೆ ವರ್ಷಕ್ಕೆ 25,000 ರೂಪಾಯಿ ಗುತ್ತಿಗೆ ಎಂದು ಸರ್ಕಾರ ಹೇಳಿದೆ. ನೀರಾವರಿ ಇಲ್ಲದ ಜಮೀನಾದರೆ ಕೊಡಬಹುದು, ಆದರೆ ಕಾಗದ ನೋಡಿ ಕೊಡಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ವಂಶವೃಕ್ಷ ಮಾಡಿಸಿ ಪೌತಿ ಖಾತೆ ಮುಗಿಸಿ. ಇಲ್ಲವಾದರೆ ಗುತ್ತಿಗೆ ಹಣ ದಾಯಾದಿಗಳ ತಕರಾರಿನಲ್ಲಿ ನಿಲ್ಲುತ್ತದೆ. ಪಹಣಿಯ 11ನೇ ಕಾಲಂನಲ್ಲಿ ಹಳೇ ಸಾಲದ ನಮೂದು ಇದೆಯೇ ನೋಡಿ. ಏರಿಕೆ ಎಷ್ಟು ವರ್ಷಕ್ಕೊಮ್ಮೆ, ಶೇಕಡಾ ಎಷ್ಟು ಎಂಬುದು ಪತ್ರದಲ್ಲೇ ಇರಲಿ, ಕಂಪನಿ ಕೈ ಬದಲಾದರೂ ಹೊಸಬರು ಅದಕ್ಕೆ ಬದ್ಧರು ಎಂಬ ಷರತ್ತೂ ಇರಲಿ. ಭೂ ಪರಿವರ್ತನೆಯ ಖರ್ಚು ಯಾರದೆಂದು ಕೇಳಿ. ಸಮತಟ್ಟು ಮಾಡಿದ ಮೇಲೆ ಬದುಗಳು, ಗಡಿಕಲ್ಲುಗಳು ಉಳಿಯುವುದಿಲ್ಲ. ಆದ್ದರಿಂದ ಯಂತ್ರ ಇಳಿಯುವ ಮೊದಲೇ ಹದ್ದುಬಸ್ತು ಮಾಡಿಸಿ, ಸರ್ವೆ ನಕ್ಷೆಯ ದೃಢೀಕೃತ ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಅವಧಿ ಮುಗಿದಾಗ ಕಾಂಕ್ರೀಟ್ ಅಡಿಪಾಯ, ಕೇಬಲ್, ಒಡೆದ ಫಲಕಗಳನ್ನು ತೆಗೆದು ಜಮೀನನ್ನು ಉಳುವ ಸ್ಥಿತಿಗೆ ತಂದುಕೊಡುವ ಹೊಣೆ ಕಂಪನಿಯದೆಂದು ಬರೆಸಿ, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಜೊತೆಗೆ ನಿಮ್ಮ ಹೊಲದಲ್ಲಿ ಇಷ್ಟು ವರ್ಷ ದುಡಿದ ಕೂಲಿಯವರಿಗೆ ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲಿನ ಕೆಲಸ ಮೊದಲು ಸಿಗಬೇಕೆಂಬ ಒಂದು ಸಾಲನ್ನು ಊರಿನವರೆಲ್ಲ ಒಟ್ಟಾಗಿ ಸೇರಿಸಿ.