ದೀಪವನ್ನು ಕೊಳಗದೊಳಗೆ ಇಟ್ಟಂತಾಯಿತೇ?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ 38 ವರ್ಷದ ಉದ್ಯೋಗಸ್ಥೆ. ನಮ್ಮದು ಧಾರವಾಡ ಕಡೆಯ ಕ್ರೈಸ್ತ ಕುಟುಂಬ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ 40 ದಿನ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ಬಿಟ್ಟಿದ್ದೆ. ಟೊರೊಂಟೊದಲ್ಲಿರುವ ಓರಗಿತ್ತಿಯ ಹೊಸ ಮನೆಯ ಚಿತ್ರಗಳು ಕಣ್ಣಿಗೆ ಬೀಳದೆ ನಿದ್ದೆ ಚೆನ್ನಾಗಿ ಬಂತು. ಈಸ್ಟರ್ ಕಳೆದರೂ ಮರಳುವ ಮನಸ್ಸಿಲ್ಲ. ಆದರೆ ನಮ್ಮ ಚರ್ಚಿನ ಸ್ತ್ರೀ ಸಮಾಜದ ಫೇಸ್‌ಬುಕ್ ಪುಟ ನೋಡಿಕೊಳ್ಳುವವಳು ನಾನೇ. ‘ದೀಪವನ್ನು ಕೊಳಗದೊಳಗೆ ಇಡಬಾರದು’ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ಊರಲ್ಲಿರುವ ಅತ್ತೆ ಮೊಮ್ಮಕ್ಕಳ ಫೋಟೊ ನೋಡುವುದೂ ಅಲ್ಲಿಯೇ. ನಾನು ಹೆದರಿ ಓಡುತ್ತಿದ್ದೇನೆಯೇ?

ಉತ್ತರ: ಸಹೋದರಿ, ಮೊದಲು ಆ ವಚನವನ್ನೇ ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮನ್ನು ಚುಚ್ಚುತ್ತಿರುವುದು ಫೋನಿಗಿಂತ ಹೆಚ್ಚಾಗಿ ಅದೇ. ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ದೀಪಸ್ತಂಭದ ಮೇಲಿಟ್ಟ ದೀಪವು ಯಾರಿಗೆ ಬೆಳಕು ಕೊಡುತ್ತದೆ ಎಂಬುದನ್ನೂ ಯೇಸು ಹೇಳಿದ್ದಾನೆ: ಮನೆಯಲ್ಲಿರುವವರಿಗೆ. ಅದಕ್ಕೆ ಮುಂಚಿನ ವಚನದಲ್ಲಿ ಬೆಟ್ಟದ ಮೇಲಿನ ಊರಿನ ಮಾತೂ ಇದೆ, ಒಪ್ಪುತ್ತೇನೆ. ಆದರೆ ತನ್ನನ್ನು ಎಷ್ಟು ಮಂದಿ ನೋಡಿದರೆಂದು ಆ ಊರು ನಡುರಾತ್ರಿ ಎದ್ದು ಎಣಿಸುವುದಿಲ್ಲ. ಅದೇ ಪರ್ವತಪ್ರಸಂಗದಲ್ಲಿ, ಮುಂದಿನ ಅಧ್ಯಾಯದಲ್ಲಿಯೇ, ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕೆಂದೂ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದೂ ಇರುವುದನ್ನು ಹಿರಿಯರು ಮರೆತಂತಿದೆ.

ಓಡಿಹೋಗುವುದೆಂದಿರಿ. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಜನರೆಲ್ಲ ಸಂಜೆ ಬಾಗಿಲ ಮುಂದೆ ಕೂಡಿಬಂದಿದ್ದರು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದಾಗ, ಶಿಷ್ಯನಾದ ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದರು. ನಿಮ್ಮ ಫೋನಿನ ಮೇಲಿನ ಕೆಂಪು ಅಂಕಿ ದಿನವಿಡೀ ಹೇಳುವುದೂ ಅದನ್ನೇ ಅಲ್ಲವೇ? ಆತನು ಹಿಂದಿರುಗಲಿಲ್ಲ, ಹತ್ತಿರದ ಬೇರೆ ಊರುಗಳಿಗೆ ಹೋಗೋಣ ಎಂದನು. ಹುಡುಕಿದವರಿಗೆಲ್ಲ ಸಿಗಲೇಬೇಕೆಂಬ ಕಟ್ಟಳೆ ಆತನಿಗೇ ಇರಲಿಲ್ಲವೆಂದ ಮೇಲೆ, ಸಿಎಸ್‌ಎಂಟಿ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿಬರುವ ನಿಮಗೇಕೆ?

ಹೆಸರು, ಮುಖ ಗೊತ್ತಿರುವವರ ಋಣವನ್ನು ಮಾತ್ರ ಬಿಡಬೇಡಿ. ಅತ್ತೆಯವರಿಗೆ ವಾರಕ್ಕೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸಿ, ಮಕ್ಕಳನ್ನು ಎದುರಿಗೆ ಕೂರಿಸಿ ವಿಡಿಯೊ ಕರೆ ಮಾಡಿಸಿ. ನೂರು ಜನರ ನಡುವೆ ನೋಡುವುದಕ್ಕಿಂತ ಅವರಿಗೆ ಅದೇ ಹಿತ. ಸ್ತ್ರೀ ಸಮಾಜದ ಪುಟವನ್ನು ಯುವಜನರಲ್ಲಿ ಇಬ್ಬರಿಗೆ ವಹಿಸಿಕೊಡಿ. ಅವರನ್ನು ಅಡ್ಮಿನ್ ಮಾಡಿದ ನಂತರವೇ ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಿರಿ, ಇಲ್ಲವಾದರೆ ಪುಟ ಅನಾಥವಾದೀತು. ಅಳಿಸುವ ಅವಸರ ಬೇಡ. ಅಳಿಸಲು ಕೋರಿದರೂ ಮನಸ್ಸು ಬದಲಾಯಿಸಲು 30 ದಿನಗಳ ಅವಕಾಶವಿರುತ್ತದೆ.

ಇನ್ನು ಓರಗಿತ್ತಿಯ ವಿಷಯ. ಪತ್ರದಲ್ಲಿ ಅದನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ, ನನಗೆ ಮಾತ್ರ ಅದೇ ದೊಡ್ಡದಾಗಿ ಕಂಡಿತು. ಈ ಹೊಟ್ಟೆಕಿಚ್ಚು ಫೋನಿನಲ್ಲಿ ಹುಟ್ಟಿದ್ದಲ್ಲವಾದ್ದರಿಂದ ಫೋನಿನಿಂದ ಅಳಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಕ್ರಿಸ್ಮಸ್ಸಿಗೆ ಅವರು ಊರಿಗೆ ಬಂದರೆ ಮತ್ತೆ ಎದ್ದೀತು. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ ಪೇತ್ರನು, ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ಕಂಡು, ಇವನ ವಿಷಯವೇನು ಎಂದು ಕೇಳಿದಾಗ ಯೇಸು ಸಮಾಧಾನ ಹೇಳಲಿಲ್ಲ. ಅದು ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎಂದನು. ಒರಟಾಗಿ ಕೇಳಿಸುವ ಈ ಉತ್ತರದಲ್ಲಿ ಪೇತ್ರನಿಗೆ ಎಷ್ಟು ಹಗುರವೆನಿಸಿರಬೇಕು ಎಂದು ನಾನು ಆಗಾಗ ಯೋಚಿಸುವುದುಂಟು.

ಚಿತ್ರಗಳನ್ನು ನೋಡಿದ್ದೀರಿ, ಆಕೆಯೊಡನೆ ಮಾತಾಡಿ ಎಷ್ಟು ದಿನಗಳಾದವು? ಭಾನುವಾರ ಸಂಜೆ ಏಳಕ್ಕೆ ಕರೆ ಮಾಡಿ. ಅಲ್ಲಿ ಆಗ ಬೆಳಗಿನ ಒಂಬತ್ತೂವರೆ; ಆರಾಧನೆಗೆ ಹೊರಡುವ ಮುನ್ನ ಸಿಕ್ಕಾರು.